ಇಲ್ಲಿ ಪ್ರೀತಿ, ಒಂದೂವರೆ ಪುಟ

ಬೆಳಗಿನ ಐದೂಕಾಲು. ಕೋಟ್ಟಯಂನ ಎರಡು ಕೋಣೆಯ ಮನೆಯಲ್ಲಿ ಶೋಶಮ್ಮ ಪ್ರಾರ್ಥನೆ ಮುಗಿಸಿ, ಗಂಜಿಯನ್ನು ಒಲೆಗಿಟ್ಟು, ಅಡುಗೆಕಟ್ಟೆಯ ಮೇಲೆಯೇ ಪುಸ್ತಕದ ಕರಡು ಹರಡಿಕೊಳ್ಳುತ್ತಾರೆ. ಕೈಯಲ್ಲಿ ಕೆಂಪು ಪೆನ್ಸಿಲ್. ಬೇರೆ ದಿನ ಈ ಹೊತ್ತಿಗೆ ವಾಕ್ಯಗಳನ್ನು ಬಾಯಿಬಿಟ್ಟು ಓದುತ್ತಾರೆ, ಆಗಷ್ಟೇ ಹೇಳಿ ಮುಗಿಸಿದ ಕೀರ್ತನೆಯ ಧಾಟಿಯಲ್ಲೇ. ಉಸಿರು ಮುಗ್ಗರಿಸಿದ ಕಡೆ ಪೆನ್ಸಿಲ್ ನಿಲ್ಲುತ್ತದೆ. ಇವತ್ತು ಓದುತ್ತಿಲ್ಲ. ಹಲ್ಲು ಕಚ್ಚಿಕೊಂಡು ನೂರ ಹನ್ನೆರಡನೆಯ ಪುಟ ಹುಡುಕುತ್ತಿದ್ದಾರೆ.

"ಗಂಜಿ ಉಕ್ಕಿದ್ರೆ ಹೇಳಿ," ಎಂದು ತಮ್ಮ ಬಗ್ಗೆ ಬರೆಯಲು ಬಂದವರಿಗೆ ಹೇಳುತ್ತಾರೆ. "ನಾನಂತೂ ಆಗ್ಲೇ ಉಕ್ಕಿದೀನಿ."

ಅರವತ್ತೊಂದರ ಶೋಶಮ್ಮನ ಹೆಸರು ಯಾವ ಕಾದಂಬರಿಯ ಮೇಲೂ ಇಲ್ಲ. ಈ ಊರಿನ ಒಂದು ವಾರಪತ್ರಿಕೆಗೆ ಅವರು ಕರಡು ತಿದ್ದುವವರು, ಅಷ್ಟೆ. ಆದರೆ ಇಪ್ಪತ್ತೆಂಟು ವರ್ಷಗಳಿಂದ ಅದರ ಧಾರಾವಾಹಿಗಳಲ್ಲಿ ಗಂಡು ಹೆಣ್ಣು ಒಬ್ಬರನ್ನೊಬ್ಬರು ಬಯಸಿದ ಪುಟಗಳೆಲ್ಲ ಇವರ ಕೈಯಿಂದಲೇ ಬಂದವು. ಹೆಸರಾಂತ ಲೇಖಕರು ಕೊಲೆ, ಆಸ್ತಿ ಜಗಳ, ಆಸ್ಪತ್ರೆ ಎಲ್ಲವನ್ನೂ ತಾವೇ ಬರೆಯುತ್ತಾರೆ. ನಡುವೆ ಒಂದಿಷ್ಟು ಜಾಗ ಖಾಲಿ ಬಿಟ್ಟು ಒಂದು ಸಾಲು ಗೀಚುತ್ತಾರೆ: 'ಇಲ್ಲಿ ಪ್ರೀತಿ, ಒಂದೂವರೆ ಪುಟ.' ಸೋಮವಾರ ಬಂದ ಖಾಲಿ ಜಾಗ ಬುಧವಾರಕ್ಕೆ ತುಂಬಿರಬೇಕು. ಇದುವರೆಗೆ ನಲವತ್ತಮೂರು ಧಾರಾವಾಹಿ. ಓದುಗರ ಕಾಗದಗಳು ಲೇಖಕರ ಮನೆಗೆ ಹೋಗುತ್ತವೆ.

"ಮೊದಲ ಸಲ ತುಂಬಿದ್ದು ಯಾಕೆ ಗೊತ್ತಾ? ಅವರು ಬರೆದದ್ದು ತಿದ್ದೋಕೆ ಆಗ್ತಿರಲಿಲ್ಲ, ಅದಕ್ಕೆ! 'ಅವಳ ಎದೆ ಢವಢವ ಎಂದಿತು.' ಅದು ಪ್ರೀತಿಯೋ ರಕ್ತದೊತ್ತಡವೋ, ನನಗೇನು ಗೊತ್ತು? ಪ್ರೀತಿ ಹೆಂಗಿರುತ್ತೆ ಅಂತ ಹೇಳೋಕೆ ಹೋಗ್ಬಾರದು. ಅದು ಬಂದಾಗ ಕೈ ಏನು ಮಾಡ್ತು ಅಂತ ನೋಡ್ಬೇಕು."

ಆ ಕೈಗಳನ್ನು ಅವರು ಕಂಡದ್ದು ಬಸ್ಸಿನಲ್ಲಿ, ಮೀನಿನ ಅಂಗಡಿಯ ಮುಂದೆ, ಜಿಲ್ಲಾ ಆಸ್ಪತ್ರೆಯ ಸಾಲಿನಲ್ಲಿ. ಮುನಿಸಿಕೊಂಡೇ ಗಂಡನ ತಟ್ಟೆಯ ಮೀನಿನಿಂದ ಮುಳ್ಳು ಬಿಡಿಸಿಡುವ ಹೆಂಗಸು. ಹೆಂಡತಿಯ ಸರದಿಚೀಟಿಯನ್ನು ಮಳೆಗೆ ನೆನೆಯದಂತೆ ಟೋಪಿಯೊಳಗೆ ಇಟ್ಟುಕೊಂಡ ಮುದುಕ. ಕಂಡವರ ಪ್ರೀತಿಯನ್ನೆಲ್ಲ ಬರೆದರು. ತಮ್ಮ ಮನೆಯದನ್ನು ಮುಟ್ಟಲಿಲ್ಲ. ಅದೊಂದು ವ್ರತದ ಹಾಗೆ ನಡೆದುಕೊಂಡು ಬಂತು.

ಮುರಿದದ್ದು ಒಂದೇ ಸಲ. ಗಂಡ ಉಲಹನ್ನಾನ್ ರಬ್ಬರ್ ತೋಟದಲ್ಲಿ ಮರ ಕೆತ್ತಿ ಹಾಲಿಳಿಸುವ ಕೆಲಸದವರು. ಹೋದ ವರ್ಷ ತೀರಿಕೊಂಡರು. ನಲವತ್ತನೆಯ ದಿನದ ಪೂಜೆ ಮುಗಿಸಿ ಇಗರ್ಜಿಯಿಂದ ಬಂದಾಗ ಬಾಗಿಲಿಗೆ ಆಗಿನ ಧಾರಾವಾಹಿಯ ಲೇಖಕ ವಸಂತನ್ ಸಾರ್ ಅವರ ಹಸ್ತಪ್ರತಿ ಸಿಕ್ಕಿಸಿತ್ತು. ಆ ವಾರ ಶೋಶಮ್ಮ ಬಸ್ಸು ಹತ್ತಿರಲಿಲ್ಲ, ಯಾರ ಕೈಯನ್ನೂ ನೋಡಿರಲಿಲ್ಲ. ಇದ್ದದ್ದು ಒಂದೇ. ಅದನ್ನೇ ಬರೆದುಕೊಟ್ಟರು.

ಬರೆದದ್ದು ಇಷ್ಟು. ತೋಟದಿಂದ ಬಂದವನ ಮುಂಗೈಯಲ್ಲಿ ರಬ್ಬರ್ ಹಾಲು ಒಣಗಿ ಅಂಟಿರುತ್ತದೆ. ಹೆಂಡತಿ ದಿನಾ ಮೆಟ್ಟಿಲ ಮೇಲೆ ಕೂತು ಅದನ್ನು ಸುಲಿಯುತ್ತಾಳೆ. ರೋಮ ಕಿತ್ತು ಬಂದಾಗ ಅವನು 'ರಾಕ್ಷಸಿ' ಎನ್ನುತ್ತಾನೆ. ಎಷ್ಟೋ ವರ್ಷದ ಮೇಲೆ ಒಂದು ದಿನ ಅವಳು ತೋಟಕ್ಕೆ ಹೋದರೆ, ಉಳಿದ ಕೆಲಸದವರೆಲ್ಲ ಮರ ಮುಟ್ಟುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಾರೆ, ಹಾಲು ಅಂಟದಿರಲೆಂದು. ಇವನೊಬ್ಬ ಸವರಿಕೊಳ್ಳುವುದಿಲ್ಲ. ಅವಳು ಏನೂ ಕೇಳದೆ ಮನೆಗೆ ಬಂದು ಮೆಟ್ಟಿಲು ಗುಡಿಸಿಡುತ್ತಾಳೆ.

ಕಾದಂಬರಿ ಈ ಪುಟಗಳಿಂದಲೇ ಗೆದ್ದಿತು. ಈಗ ಪತ್ರಿಕೆಯವರೇ ಅದನ್ನು ಪುಸ್ತಕವಾಗಿ ತರುತ್ತಿದ್ದಾರೆ; ಅಡುಗೆಕಟ್ಟೆಯ ಮೇಲಿರುವ ಕರಡು ಅದರದೇ. ಕಳೆದ ಭಾನುವಾರ ಸನ್ಮಾನದ ವೇದಿಕೆಯಲ್ಲಿ ಯಾರೋ ಆ ಭಾಗದ ಬಗ್ಗೆ ಕೇಳಿದಾಗ ವಸಂತನ್ ಸಾರ್ ಕಣ್ಣೊರೆಸಿಕೊಂಡು, "ಅದು ನಾನು ಮತ್ತು ನನ್ನ ಹೆಂಡತಿ ಸರಳ," ಎಂದರು. ಶೋಶಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದರು.

"ಟೈಪಿಂಗ್ ಶಾಲೆ ಇಟ್ಕೊಂಡಿದ್ದ ಮನುಷ್ಯ! ಕೈಗೆ ಇಂಕೂ ಅಂಟಿರಲಿಲ್ಲ," ಎನ್ನುತ್ತಾ ಪುಟಗಳನ್ನು ಸರಸರ ಮಗುಚುತ್ತಾರೆ. "ಹೆಸರು ಹಾಕ್ಕೊಳ್ಳಲಿ, ಇಪ್ಪತ್ತೆಂಟು ವರ್ಷ ನಾನು ಕೇಳಿದ್ನಾ? ಆದ್ರೆ ಆ ಕೈ ನನ್ನ ಉಲಹನ್ನಾನ್‌ದು. ವಾರಪತ್ರಿಕೆಯಲ್ಲಿ ಮೀನು ಕಟ್ತಾರೆ, ಮರೀತಾರೆ. ಪುಸ್ತಕ ಹಂಗಲ್ಲ, ಉಳಿಯುತ್ತೆ. ನಾಳೆ ನಾನು ಸತ್ತ ಮೇಲೆ ಅವನ ಕೈ ಇನ್ಯಾರದೋ ಕೈಯಾಗಿ ಉಳಿಯುತ್ತೆ."

ಪುಟ ಸಿಗುತ್ತದೆ. ಕೆಂಪು ಪೆನ್ಸಿಲ್ ಮೂಲೆಯಿಂದ ಮೂಲೆಗೆ ಎರಡು ಸಲ ಹಾಯುತ್ತದೆ. ಗಂಜಿ ಉಕ್ಕಿ ಒಲೆ ಆರುತ್ತದೆ. ಹೇಳಿದರೂ ಅವರು ತಿರುಗಿ ನೋಡುವುದಿಲ್ಲ.

ಹತ್ತು ಗಂಟೆಗೆ ಪತ್ರಿಕೆಯ ಕಚೇರಿ. ಶೋಶಮ್ಮನನ್ನು ಅಕ್ಕ ಎಂಬರ್ಥದಲ್ಲಿ 'ಚೇಚ್ಚಿ' ಎನ್ನುವ ಸಂಪಾದಕ ಕುರ್ಯಾಚ್ಚನ್ ಕೆಂಪು ಗೀಟು ಕಂಡು ಕನ್ನಡಕ ಮೇಲೇರಿಸುತ್ತಾರೆ.

"ಏನು ಚೇಚ್ಚಿ ಇದು? ಶುಕ್ರವಾರ ಅಚ್ಚಿಗೆ ಹೋಗ್ಬೇಕು!"

"ಹೋಗ್ಲಿ."

"ಅದೇ ಇಲ್ದಿದ್ರೆ ಪುಸ್ತಕದಲ್ಲಿ ಏನಿದೆ?"

"ಕೊಲೆ ಇದೆ. ಆಸ್ಪತ್ರೆ ಇದೆ."

"ಬೇಕಾದ್ರೆ ಕೃತಜ್ಞತೆಯಲ್ಲಿ ನಿಮ್ಮ ಹೆಸರು..."

"ನನ್ನ ಹೆಸರು ನೀನೇ ಇಟ್ಕೋ. ಮೊನ್ನೆ ಮೊನ್ನೆ ತನಕ 'ಪ್ರೇಮ' ಅಂತ ಬರೆಯೋಕೆ ಒತ್ತು ಎಲ್ಲಿ ಕೊಡ್ಬೇಕು ಅಂತ ನನ್ನ ಕೇಳ್ತಿದ್ದೋನು."

ಕಚೇರಿಯಲ್ಲಿ ಯಾರೋ ನಕ್ಕು ಕೆಮ್ಮಿದಂತೆ ಮಾಡುತ್ತಾರೆ. ಹಳೇ ಸಂಚಿಕೆಯಿಂದ ಮತ್ತೆ ಸೇರಿಸಿಬಿಡುತ್ತೇನೆ ಎಂದು ಕುರ್ಯಾಚ್ಚನ್ ಗೊಣಗುತ್ತಾರೆ. ಶೋಶಮ್ಮ ಚೀಲದಿಂದ ಇನ್ನೂ ಮೂರು ಹಸ್ತಪ್ರತಿ ತೆಗೆದು ಮೇಜಿನ ಮೇಲಿಡುತ್ತಾರೆ. ಮೂರು ಧಾರಾವಾಹಿ, ಈ ವಾರದ ಕಂತು. ಮೂರರಲ್ಲೂ ಜಾಗ ಖಾಲಿ.

"ಸೇರಿಸು. ಆಮೇಲೆ ಇವನ್ನೂ ನೀನೇ ತುಂಬ್ಕೋ."

ಕುರ್ಯಾಚ್ಚನ್ ಖಾಲಿ ಹಾಳೆಗಳನ್ನು ಮಗುಚುತ್ತಾರೆ. ಕೊನೆಗೆ ದನಿ ಇಳಿಸಿ, "ವಸಂತನ್ ಸಾರಿಗೆ ಏನು ಹೇಳ್ಲಿ ಚೇಚ್ಚಿ?" ಎನ್ನುತ್ತಾರೆ.

ಶೋಶಮ್ಮ ಹೊಡೆದುಹಾಕಿದ ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡು, ಅಂಚಿನಲ್ಲಿ, ಕಾಗುಣಿತ ತಪ್ಪದ ದುಂಡು ಅಕ್ಷರದಲ್ಲಿ ಬರೆಯುತ್ತಾರೆ: 'ಇಲ್ಲಿ ಪ್ರೀತಿ, ಒಂದೂವರೆ ಪುಟ.' ಬರೆದು ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಇದನ್ನ ಕೊಡು. ಸರಳಮ್ಮ ಮನೇಲೇ ಇದಾರಲ್ಲ, ಒಂದು ದಿನ ಎದುರಿಗೆ ಕೂತು ಅವರ ಕೈ ನೋಡ್ಲಿ. ಬರೆದು ಕಳಿಸಿದ್ರೆ, ಒಂದಕ್ಷರ ತಪ್ಪಿಲ್ಲದ ಹಾಗೆ ತಿದ್ದಿಕೊಡ್ತೀನಿ."