ಹ್ಯಾಮಿಲ್ಟನ್ ಥಿಯೇಟರಿನಲ್ಲಿ ನಾನು ಕೂಗಿದ ‘ಒನ್ಸ್ ಮೋರ್’

ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳು, ನ್ಯೂಜಿಲೆಂಡಿನಲ್ಲಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಹ್ಯಾಮಿಲ್ಟನ್‌ನ ಥಿಯೇಟರಿನಲ್ಲಿ ನಾನು ಮಾಡಿದ ಘನಂದಾರಿ ಕೆಲಸಕ್ಕೆ ನನ್ನ ಗಂಡ ತಲೆ ತಗ್ಗಿಸಿ ಕೂತರು. ಮಗಳು ಜಾಕೆಟ್ಟಿನ ಟೋಪಿಯೊಳಗೆ ಮುಖ ಮುಚ್ಚಿಕೊಂಡಳು. ನನಗೆ ಮಾತ್ರ ನೆನೆಸಿಕೊಂಡರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ನಾನು ಗದಗಿನವಳು. ಆಕ್ಲಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಆ ವರ್ಷ ಫೆಬ್ರುವರಿಯಲ್ಲಿ ನಮ್ಮ ವಾರ್ಡಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ನಿಗೆ ಒಬ್ಬ ಮಾವೋರಿ ಹೆಂಗಸು ಬಂದರು, ಮಾವೋರಿ ಅಂದರೆ ಇಲ್ಲಿನ ಮೂಲನಿವಾಸಿಗಳು. ಮೇರೆ ಅನ್ನೋಣ. ನರ್ಸ್ ಆದವಳು ಪೇಷಂಟ್ ಹೆಸರು ಹೇಳಬಾರದು, ಹಾಗಾಗಿ ಇದು ನಾನಿಟ್ಟ ಹೆಸರು. ಇದನ್ನೆಲ್ಲ ಬರೆಯಲೇ ಅಂತ ಅವರನ್ನು ಕೇಳಿದಾಗ, “ಬರಿ, ಆದರೆ ನನ್ನನ್ನು ದಪ್ಪಗೆ ಮಾಡಬೇಡ” ಅಂದರು. ವಯಸ್ಸು ಅರವತ್ತೆಂಟು. ಅವರ ಕಡೆಯವರು ಎಲ್ಲರೂ ಅವರನ್ನು ‘ಆಂಟಿ’ ಅನ್ನುತ್ತಿದ್ದರು. ನಮ್ಮಲ್ಲೂ ಹಿರಿಯರೆಲ್ಲ ಆಂಟಿಯೇ ತಾನೆ! ನಾನೂ ಮೊದಲ ದಿನದಿಂದಲೇ ಮೇರೆ ಆಂಟಿ ಅಂತ ಶುರು ಮಾಡಿದೆ.

ಮೇರೆ ಆಂಟಿ ಸೋಲ್ ಗಾಯಕಿ. ಸೋಲ್ ಅಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳಿಂದ ಬೆಳೆದು ಬಂದ ಹಾಡುಗಾರಿಕೆ, ಹೊಟ್ಟೆಯೊಳಗಿಂದ ಎತ್ತಿ ಹಾಡುವಂಥದ್ದು. ಜೊತೆಗೆ ಅವರು ನಾಟಕದ ನಟಿ. ಆಪರೇಷನ್ನಿಗೆ ಮೊದಲಿನ ದಿನಗಳಲ್ಲಿ ನಾನು ಬಿ.ಪಿ. ನೋಡುವಾಗ ಒಂದೊಂದೇ ಕಥೆ ಹೇಳುತ್ತಿದ್ದರು. ಅವರವ್ವ ಕುರಿ ಉಣ್ಣೆ ಕತ್ತರಿಸುವವರ ಗ್ಯಾಂಗಿಗೆ ಅಡುಗೆ ಮಾಡುತ್ತಿದ್ದಳಂತೆ. ಏಳು ವರ್ಷದ ಹುಡುಗಿಯನ್ನು ಉಣ್ಣೆಯ ಮೂಟೆ ಮೇಲೆ ನಿಲ್ಲಿಸಿ ಹಾಡಿಸುತ್ತಿದ್ದರಂತೆ. ಹದಿನೈದಕ್ಕೆ ಮಾಂಸದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. “ಮಷೀನ್ ಸದ್ದಿನ ಮೇಲೆ ಹಾಡಿ ಹಾಡಿ ಈ ಗಂಟಲು ತಯಾರಾಯ್ತು ಡಾರ್ಲಿಂಗ್, ಯಾವ ಗುರುವೂ ಇಲ್ಲ” ಅಂದರು. ಹತ್ತೊಂಬತ್ತಕ್ಕೆ ಒಂದು ಬ್ಯಾಂಡ್ ಸೇರಿ ಸಿಡ್ನಿಗೆ ಹೋದರು. ಹದಿನಾಲ್ಕು ವರ್ಷ ಅಲ್ಲಿನ ಕ್ಲಬ್ಬುಗಳಲ್ಲಿ ಹಾಡಿದರು, ತಮ್ಮ ಗೌನುಗಳನ್ನು ತಾವೇ ಹೊಲಿದುಕೊಂಡು. ಬ್ಯಾಂಡ್ ಒಡೆದ ಮೇಲೆ ಊರಿಗೆ ಬಂದಾಗ ಒಂದು ನಾಟಕಕ್ಕೆ ಕುಡುಕ ಅಜ್ಜಿಯ ಪಾತ್ರಕ್ಕೆ ಯಾರೂ ಸಿಗಲಿಲ್ಲವಂತೆ. ಇವರು ಒಪ್ಪಿಕೊಂಡರು. ಆಮೇಲೆ ರಾಣಿ, ಸೂಲಗಿತ್ತಿ, ದೆವ್ವ, ಬಗೆಬಗೆಯ ಅತ್ತೆಯರು, ಯಾವ ಪಾತ್ರವನ್ನೂ ಬಿಟ್ಟಿಲ್ಲ.

ಒಂದು ಮುಂಜಾನೆ ಮಾತ್ರ ನಗಲಿಲ್ಲ. ಸಿಡ್ನಿಯಲ್ಲಿದ್ದಾಗ ಅವ್ವ ತೀರಿಕೊಂಡ ಸುದ್ದಿ ಬಂತಂತೆ. ಮಾವೋರಿ ಜನ ಸತ್ತವರನ್ನು ಎರಡು ಮೂರು ದಿನ ತಮ್ಮ ನಡುವೆಯೇ ಇಟ್ಟುಕೊಂಡು, ಅವರ ಜೊತೆ ಮಾತಾಡುತ್ತಾರೆ, ಅವರಿಗಾಗಿ ಹಾಡುತ್ತಾರೆ. ಕ್ಲಬ್ಬಿನವನು ಶೋ ಬಿಟ್ಟು ಹೋಗಬೇಡ ಅಂದ, ಇವರು ಹೋಗಲಿಲ್ಲ. “ಹೆದರಿದೆ, ಕೆಲಸ ಹೋಗುತ್ತೆ ಅಂತ. ಊರಿಗೆಲ್ಲ ಹಾಡಿದವಳು ಅವ್ವನಿಗೆ ಹಾಡಲಿಲ್ಲ” ಅಂದರು. ಆಮೇಲೆ ಅವ್ವನಿಗಾಗಿ ಒಂದು ಹಾಡು ಕಟ್ಟಿದರು, ಆದರೆ ಯಾರ ಮುಂದೆಯೂ ಹಾಡಿರಲಿಲ್ಲ. ಈಗ ತಮ್ಮದೇ ಜೀವನದ ನಾಟಕ ಮಾಡುತ್ತಿದ್ದಾರೆ, ಕಡೆಗೆ ಆ ಹಾಡು ಬರುತ್ತದೆ, ಆಗಸ್ಟಿನಲ್ಲಿ ಮೊದಲ ಶೋ. ಅಷ್ಟರಲ್ಲಿ ಈ ಗಡ್ಡೆ!

ಧ್ವನಿಯ ನರ ಥೈರಾಯ್ಡ್ ಪಕ್ಕದಲ್ಲೇ ಹಾದು ಹೋಗುತ್ತದೆ. ಡಾಕ್ಟರ್ ಹೇಳಿದ್ದು ಇಷ್ಟೇ: ಮಾತು ಬರುತ್ತದೆ, ಹಾಡಿನ ಗ್ಯಾರಂಟಿ ಕೊಡಲಾರೆ. ಆಪರೇಷನ್ ಆದ ಮೇಲೆ ಅವರ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಮನೆಗೆ ಹೋಗುವ ದಿನ ನನ್ನ ಕೈ ಹಿಡಿದು ಪಿಸುದನಿಯಲ್ಲಿ ಹೇಳಿದರು. “ಜನರ ಮುಂದೆ ಒಂದು ಸಲ ಪ್ರಯತ್ನ ಮಾಡ್ತೀನಿ. ದನಿ ಒಡೆದರೆ ಒಳಗೆ ನಡೆದುಬಿಡ್ತೀನಿ. ಮತ್ತೆ ಸ್ಟೇಜ್ ಹತ್ತೋದಿಲ್ಲ.”

ಜುಲೈನಲ್ಲಿ ವಾರ್ಡಿಗೆ ನನ್ನ ಹೆಸರಿಗೆ ಒಂದು ಕವರ್ ಬಂತು. ಒಳಗೆ ಮೇರೆ ಆಂಟಿಯ ನಾಟಕದ ಮೂರು ಟಿಕೆಟ್!

ನನ್ನ ಗಂಡ ಆಕ್ಲಂಡಿನ ಈಸ್ಟ್ ತಮಾಕಿಯ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ವಾರವೆಲ್ಲ ದುಡಿದು ರವಿವಾರ ಹಾಸಿಗೆ ಬಿಡದ ಪ್ರಾಣಿ. “ಒಂದಿನಾ ಮಲಗೂದು, ಅದಕ್ಕೂ ಕಲ್ಲು ಹಾಕಿದಿ. ಪೇಷಂಟ್ ಹಾಡು ಕೇಳಾಕ ಹ್ಯಾಮಿಲ್ಟನ್ ತನಕ ಗಾಡಿ ಹೊಡೀಬೇಕೇನು?” ಅಂತ ಹಿಲ್ಸ್‌ಬರೋದ ನಮ್ಮ ಮನೆಯಿಂದ ಹೊರಟವರು ದಾರಿಯುದ್ದಕ್ಕೂ ಗೊಣಗಿದರು. “ಸುಮ್ಮ ನಡೀರಿ. ನಿಮ್ಮ ಕ್ರಿಕೆಟ್ ಸಲುವಾಗಿ ನಾ ಎಷ್ಟು ಸಲ ಬಿಸಿಲಾಗ ಕೂತಿಲ್ಲ?” ಅಂದೆ. ಹದಿಮೂರರ ಮಗಳು ಅನ್ವಿ ಹಿಂದೆ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದಳು.

ಎರಡನೇ ಸಾಲಿನಲ್ಲಿ ಸೀಟು. ದೀಪ ಆರಿತು. ಕಪ್ಪು ಗೌನು, ಕುತ್ತಿಗೆಗೆ ಹಸಿರು ಸ್ಕಾರ್ಫು, ಮೇರೆ ಆಂಟಿ ಬಂದರು. ಜೊತೆಗೆ ಗಿಟಾರ್, ಪಿಯಾನೋ, ಡ್ರಮ್ಸ್, ಮೂರೇ ಜನ. ಎಂಥಾ ನಟನೆ ಅಂತೀರಿ! ಉಣ್ಣೆ ಮೂಟೆ ಮೇಲಿನ ಹುಡುಗಿ ಅವರೇ, ಸಿಗರೇಟು ಕಚ್ಚಿದ ಕ್ಲಬ್ ಮಾಲೀಕನೂ ಅವರೇ. ತಗ್ಗಿನ ಸ್ವರದ ಹಾಡುಗಳನ್ನು ಚೆನ್ನಾಗಿಯೇ ದಾಟಿಸಿದರು. ನನ್ನ ಗಂಡ ಗೊಣಗುವುದು ಬಿಟ್ಟು ಮುಂದಕ್ಕೆ ಬಗ್ಗಿ ಕೂತರು. ಆದರೆ ನನ್ನ ಕಣ್ಣೆಲ್ಲ ಆ ಸ್ಕಾರ್ಫಿನ ಮೇಲೆ. ಅದರ ಕೆಳಗಿನ ಹೊಲಿಗೆ ಬಿಚ್ಚಿದ್ದು ನಾನೇ ಅಲ್ಲವೆ?

ಕಡೆಗೆ ಅವ್ವನ ಹಾಡು ಬಂತು. ಮೆಲ್ಲಗೆ ಶುರುವಾಗಿ ಏರುತ್ತಾ ಏರುತ್ತಾ ಹೋಗುತ್ತದೆ. ನಾನು ಸೀಟಿನ ಕೈ ಹಿಡಿದು ಕೂತೆ. ಶಿವನೇ, ಇದೊಂದು ದಾಟಿಸಪ್ಪಾ! ಎಲ್ಲಕ್ಕಿಂತ ಮೇಲಿನ ಸ್ವರಕ್ಕೆ ಹೋದರು ನೋಡಿ, ದನಿ ಚಟ್ಟನೆ ಒಡೆಯಿತು. ಬರೀ ಗಾಳಿ. ಗಿಟಾರ್ ನಿಂತಿತು. ಆಂಟಿ ಗಂಟಲಿಗೆ ಕೈ ಇಟ್ಟುಕೊಂಡು ಒಂದು ಗಳಿಗೆ ನಿಂತರು. “ಸರಿ, ಮುಗೀತು” ಅಂತ ತಮಗೆ ತಾವೇ ಅಂದುಕೊಂಡು ಪರದೆಯ ಕಡೆ ತಿರುಗಿದರು.

ಥಿಯೇಟರ್ ತುಂಬ ಜನ, ಒಂದು ಕೆಮ್ಮೂ ಇಲ್ಲ. ನ್ಯೂಜಿಲೆಂಡಿನವರು ಸಭ್ಯ ಜನ. ಬೇರೆಯವರ ಸೋಲನ್ನು ನೋಡಬಾರದು ಅಂತ ಎಲ್ಲರೂ ತೊಡೆಯ ಮೇಲಿನ ಕಾರ್ಯಕ್ರಮದ ಕಾಗದ ನೋಡುತ್ತಾ ಕೂತರು. ಆಂಟಿ ಒಂದು ಹೆಜ್ಜೆ ಇಟ್ಟರು, ಎರಡು ಹೆಜ್ಜೆ ಇಟ್ಟರು. ಆಗ ನಾನು ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ: “ಒನ್ಸ್ ಮೋರ್!”

“ಏನ್ ಮಾಡಾಕತ್ತೀ? ಕೂಡು ಕೆಳಗ!” ಅಂತ ಗಂಡ ಸ್ವೆಟರ್ ಜಗ್ಗಿದರು. “ಅಮ್ಮಾ, ಪ್ಲೀಸ್ ಸಿಟ್ ಡೌನ್, ಎವ್ರಿವನ್ ಈಸ್ ಲುಕಿಂಗ್!” ಅಂತ ಅನ್ವಿ. ಹಿಂದಿನ ಸಾಲಿನ ಬಿಳಿಗಡ್ಡದವರೊಬ್ಬರು, “ಅವರನ್ನು ಹಂಗಿಸಬೇಡಿ, ಇದು ಕ್ರೂರ” ಅಂದರು. ಟಾರ್ಚ್ ಹಿಡಿದ ಹುಡುಗಿ ನಮ್ಮ ಸಾಲಿನ ಕಡೆ ಬರತೊಡಗಿದಳು.

ಹಂಗಿಸುವುದೇ? ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಜ್ಜನ ಚಹಾದ ಅಂಗಡಿ ಇದ್ದದ್ದು ಗದಗಿನಲ್ಲಿ ನಾಟಕ ಕಂಪನಿಯವರು ಕ್ಯಾಂಪ್ ಹಾಕುವ ಬಯಲಿನ ಎದುರಿಗೇ. ಒಂದೇ ನಾಟಕವನ್ನು ಇಪ್ಪತ್ತು ಸಲ ನೋಡಿ ಬೆಳೆದವಳು ನಾನು. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಅನ್ನುತ್ತಿದ್ದರು, ಸತ್ತು ಬಿದ್ದ ರಾಜ ಎದ್ದು ಧೋತರ ಕೊಡವಿಕೊಂಡು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯುತ್ತಿದ್ದ. ಯಾವ ನಟಿಯ ದನಿಯಾದರೂ ಕೈಕೊಟ್ಟರೆ, ಹಿಂದಿನ ಪುಂಡರು ಸಿಳ್ಳೆ ಹಾಕುವ ಮೊದಲೇ ಹೆಂಗಸರ ಚಾಪೆಯಿಂದ ನಮ್ಮವ್ವನೇ ಒನ್ಸ್ ಮೋರ್ ಅಂತ ಕೂಗುತ್ತಿದ್ದಳು. ಕೂಗಿದ ಮೇಲೆ ಅದು ಸೋಲಲ್ಲ, ಜನ ಕೇಳಿದ್ದು, ಇವಳು ಹಾಡಿದ್ದು, ಅಷ್ಟೇ. ಆದರೆ ಹ್ಯಾಮಿಲ್ಟನ್ ಮಂದಿಗೆ ಇದು ಹೇಗೆ ಗೊತ್ತಾಗಬೇಕು? ದನಿ ಹೋದವಳನ್ನು ನಾನು ಅಣಕಿಸಿದೆ ಅಂತಲೇ ಎಲ್ಲರೂ ತಿಳಿದರು.

ಮೇರೆ ಆಂಟಿ ತಿರುಗಿದರು. ದೀಪಕ್ಕೆ ಕೈ ಅಡ್ಡ ಹಿಡಿದು ಕೆಳಗೆ ನೋಡಿದರು. “ಯಾರದು?”

“ನಾನು ಆಂಟಿ, ವಾರ್ಡಿನವಳು” ಅಂದೆ. “ನಮ್ಮ ಊರ ಕಡೆ ಹಾಡು ನಿಂತರೆ ಹೀಗೆ ಕೇಳ್ತೀವಿ. ಸತ್ತ ರಾಜನೂ ಎದ್ದು ಮತ್ತೆ ಹಾಡ್ತಾನೆ. ಹಾಡೋ ತನಕ ನಾವು ಮನೆಗೆ ಹೋಗೋದಿಲ್ಲ.”

“ಸತ್ತವನು ಎದ್ದು ಬರ್ತಾನಾ?”

“ಬರಲೇಬೇಕು ಆಂಟಿ. ಬಿಡೋದೇ ಇಲ್ಲ ನಾವು.”

ಅವರು ಸೊಂಟದ ಮೇಲೆ ಕೈ ಇಟ್ಟು ನಕ್ಕರು ನೋಡಿ, ಆ ನಗು ಇಡೀ ಥಿಯೇಟರಿಗೆ ಅಂಟಿತು. ಟಾರ್ಚಿನ ಹುಡುಗಿ ನಿಂತಲ್ಲೇ ನಿಂತಳು. ಆಂಟಿ ಸ್ಕಾರ್ಫ್ ಬಿಚ್ಚಿ ಪಿಯಾನೋ ಮೇಲೆ ಎಸೆದರು. ಕುತ್ತಿಗೆಯ ಗಾಯದ ಗೆರೆ ಎಲ್ಲರಿಗೂ ಕಂಡಿತು. ಗಿಟಾರಿನವನಿಗೆ, “ಶ್ರುತಿ ಎರಡು ಮೆಟ್ಟಿಲು ಕೆಳಗಿಳಿಸು ಮಗಾ. ಸತ್ತು ಎದ್ದವಳು ಮೆಲ್ಲಗೇ ನಡೀಬೇಕು” ಅಂದರು.

ಮತ್ತೆ ಮೊದಲಿನಿಂದ ಶುರು ಮಾಡಿದರು. ಅದೇ ಏರು ಬಂತು. ನಾನಿನ್ನೂ ನಿಂತೇ ಇದ್ದೆ, ಕೂಡುವುದೂ ನೆನಪಾಗಲಿಲ್ಲ. ಬಂತು! ಸ್ವರ ಬಂತು! ಅವರ ಹಳೆಯ ರೆಕಾರ್ಡಿನಲ್ಲಿ ನಾನು ಕೇಳಿದ್ದ ನುಣುಪು ದನಿಯಲ್ಲ, ದಪ್ಪ, ಒರಟು, ಉಣ್ಣೆ ಕಂಬಳಿಯಂಥ ದನಿ. ಆದರೆ ಒಡೆಯಲಿಲ್ಲ. ಹಿಡಿದರು, ಹಿಡಿದೇ ಇದ್ದರು. ನನ್ನ ಕಣ್ಣಲ್ಲಿ ನೀರು ಧಾರಾಕಾರ. ಪಕ್ಕದಲ್ಲಿ ಗಂಡನೂ ಮೂಗು ಒರೆಸಿಕೊಳ್ಳುತ್ತಿದ್ದರು, ಆಮೇಲೆ ಕೇಳಿದರೆ ಶೀತ ಅಂದರು.

ಹಾಡು ಮುಗಿದಾಗ ಚಪ್ಪಾಳೆಗೂ ಮೊದಲು ನನ್ನ ಹಿಂದಿನಿಂದ ಒಂದು ಗಡಸು ಧ್ವನಿ ಎದ್ದಿತು. “ಒನ್ಸ್ ಮೋರ್!” ಅದೇ ಬಿಳಿಗಡ್ಡದವರು! ಆಮೇಲೆ ಆ ಕಡೆಯಿಂದ ಒಬ್ಬರು, ಮೇಲಿನ ಸಾಲಿನಿಂದ ಒಬ್ಬರು, ನೋಡನೋಡುತ್ತಿದ್ದಂತೆ ಇಡೀ ಥಿಯೇಟರ್ ಎದ್ದು ನಿಂತಿತು. ನನ್ನ ಮಗಳು ಟೋಪಿ ಹಿಂದಕ್ಕೆ ತಳ್ಳಿ ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದಳು. “ದುರಾಸೆ ಜನ ನೀವು!” ಅಂತ ಆಂಟಿ ಬೈದರು, ಬೈದು ಮತ್ತೊಮ್ಮೆ ಹಾಡಿದರು. ನಾನು ಗದಗಿನಲ್ಲಿದ್ದೆನೋ ಹ್ಯಾಮಿಲ್ಟನ್‌ನಲ್ಲಿದ್ದೆನೋ ನನಗೇ ತಿಳಿಯಲಿಲ್ಲ.

ಶೋ ಆದ ಮೇಲೆ ಒಳಗೆ ಕರೆಸಿದರು. ಕ್ಷಮೆ ಕೇಳಬೇಕು ಅಂತ ಮನಸ್ಸಿನಲ್ಲೇ ಇಂಗ್ಲಿಷ್ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯಲು ಬಿಡಲಿಲ್ಲ. ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಹಿಡಿದರು, ಅದು ಮಾವೋರಿಗಳ ಪದ್ಧತಿ. ಮೈಯೆಲ್ಲ ಬೆವರು, ಪೌಡರಿನ ವಾಸನೆ. “ಅವ್ವನಿಗೆ ಒಂದು ಸಲ ಹಾಡಬೇಕಿತ್ತು ಡಾರ್ಲಿಂಗ್, ಆಗಲಿಲ್ಲ. ಇವತ್ತು ಎರಡು ಸಲ ಹಾಡಿದೆ” ಅಂದರು.

ಆ ನಾಟಕ ಆಮೇಲೆ ಊರೂರು ಸುತ್ತಿತು, ಈಗಲೂ ಆಗಾಗ ಆಗುತ್ತಿದೆ. ನನ್ನನ್ನು ಕಂಡವರೆಲ್ಲ ಧೈರ್ಯವಂತೆ ಅನ್ನುತ್ತಾರೆ. ಎಲ್ಲಿಯ ಧೈರ್ಯ? ಚಿಕ್ಕಂದಿನ ಚಾಳಿ, ಬಾಯಿಗೆ ಬಂತು, ಕೂಗಿದೆ. ಪರದೆ ಮುಟ್ಟಲು ಅವರಿಗೆ ಇನ್ನು ನಾಲ್ಕೇ ಹೆಜ್ಜೆ ಉಳಿದಿತ್ತು. ನಾಲ್ಕು ಜನ ಏನಂದಾರು ಅಂತ ಆವತ್ತು ನಾನೂ ತೊಡೆಯ ಮೇಲಿನ ಕಾಗದ ನೋಡುತ್ತಾ ಕೂತಿದ್ದರೆ? ಆ ವಿಚಾರ ಬಂದಾಗ ಮಾತ್ರ ನನ್ನ ಎದೆ ಈಗಲೂ ಧಸಕ್ಕನ್ನುತ್ತದೆ.