ಕೋಷ್ಟಕದ ಮನೆಯೊಳಗೆ ಕಾಣದಾದ ನಾಲ್ಕೂವರೆ

2022ರ ಹಿಂಗಾರಿನ ಹೊತ್ತಿಗೆ ನಾನು ಚಿತ್ರದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಇದ್ದ ಒಂದು ಕಲ್ಲು ಕ್ವಾರಿಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅಲ್ಲಿ ಅದು ನನ್ನ ಒಂಬತ್ತನೇ ವರ್ಷ. ಹೊಳಲ್ಕೆರೆಯಿಂದ ಎಂಟೂ ಇಪ್ಪತ್ತರ ಬಸ್ಸು ಹತ್ತಿದರೆ ಒಂಬತ್ತಕ್ಕೆ ಆಫೀಸಿನ ಬೀಗ ತೆಗೆಯುತ್ತಿದ್ದೆ. ಕಂಪ್ಯೂಟರಿನ ಮೇಲೆ ಹೊದಿಸಿದ ಹಳೇ ಟವೆಲ್ಲನ್ನು ಹೊರಗೆ ಒಯ್ದು ಕೊಡವಿದರೆ ಒಂದು ರಾತ್ರಿಯ ಕಲ್ಲುಪುಡಿ ಹೊಗೆಯಂತೆ ಏಳುತ್ತಿತ್ತು. ಹಾಜರಿ, ಲಾರಿಗಳ ಪಾಸು, ಕಚೇರಿಗಳಿಗೆ ಪತ್ರ, ಇಷ್ಟೇ ನನ್ನ ಕೆಲಸ. ಇವುಗಳ ಜೊತೆ ವಾರಕ್ಕೊಂದು ಹಾಳೆ ಇತ್ತು. ನಾನು ಹೇಳಹೊರಟಿರುವುದು ಆ ಹಾಳೆಯ ಸಂಗತಿ.

ಅದು ಬ್ಲಾಸ್ಟಿಂಗ್ ವೇಳಾಪಟ್ಟಿ. ಬಂಡೆಯಲ್ಲಿ ತೂತು ಕೊರೆದು, ಮದ್ದು ತುಂಬಿ ಸಿಡಿಸುವಾಗ ಐನೂರು ಮೀಟರ್ ಒಳಗೆ ಯಾರೂ ಇರಬಾರದು. ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಸಿಡಿಸುತ್ತಾರೆ ಎಂಬುದನ್ನು ಸುತ್ತಲಿನವರಿಗೆ ಮೊದಲೇ ತಿಳಿಸಬೇಕು. ಆರು ದಿನ, ಮೂರು ಜಾಗ, ಒಟ್ಟು ಹದಿನೆಂಟು ಸಾಲಿನ ಕೋಷ್ಟಕ. ಅದರ ಕೆಳಗೆ ಎಚ್ಚರಿಕೆಯ ಮಾತು, ಮ್ಯಾನೇಜರರ ಸಹಿ. ಪ್ರತಿ ಸೋಮವಾರ ಬೆಳಿಗ್ಗೆ ವರ್ಡ್‌ನಲ್ಲಿ ಟೈಪ್ ಮಾಡಿ ಆರು ಪ್ರತಿ ತೆಗೆಯುತ್ತಿದ್ದೆ. ವಾಚ್‌ಮನ್ ತಿಪ್ಪೇಸ್ವಾಮಿ ಬೈಕಿನಲ್ಲಿ ಹೋಗಿ ಆರು ಕಡೆ ಹಾಕಿ ಬರುತ್ತಿದ್ದ.

ಮೊದಲೆಲ್ಲ ಹಾಳೆಯನ್ನು ಮೈದಾ ಅಂಟು ಹಚ್ಚಿ ಗೋಡೆಗೆ ಮೆತ್ತುತ್ತಿದ್ದರು. ಅಂಟಿನ ರುಚಿಗೆ ಆಡುಗಳು ವೇಳಾಪಟ್ಟಿಯನ್ನೇ ಮೇದು ಹೋಗುತ್ತಿದ್ದವು. ಮಂಗಳವಾರದ ಹೊತ್ತಿಗೆ ಗೋಡೆಯ ಮೇಲೆ ಬರೀ ನಾಲ್ಕು ಮೂಲೆ ಉಳಿದಿರುತ್ತಿತ್ತು. ಅದಕ್ಕೆಂದು ಆರು ಗಾಜಿನ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿಸಿದರು. ಒಂದು ಎ-ಫೋರ್ ಹಾಳೆ ಹಿಡಿಸುವಷ್ಟೇ ಅಗಲ ಉದ್ದ. ಅಲ್ಲಿಂದ ಮುಂದೆ ಮ್ಯಾನೇಜರರದು ಒಂದೇ ಮಾತು: ಏನೇ ಆಗಲಿ, ಒಂದೇ ಹಾಳೆಗೆ ಬರಬೇಕು.

ಕೋಷ್ಟಕದ ಚೌಕಗಳಿಗೆ ನಾವು ಮನೆ ಎನ್ನುತ್ತಿದ್ದೆವು; ಯಾವುದಾದರೂ ಮನೆಯಲ್ಲಿ ಎರಡನೇ ಸಾಲು ಬಿದ್ದರೆ ಕೋಷ್ಟಕ ಉದ್ದವಾಗಿ ಸಹಿ ಮುಂದಿನ ಪುಟಕ್ಕೆ ಜಾರುತ್ತಿತ್ತು. ಅಕ್ಷರ ಸಣ್ಣದು ಮಾಡಿದರೆ ವಯಸ್ಸಾದವರಿಗೆ ಕಾಣುವುದಿಲ್ಲ. ಇದಕ್ಕೆ ಉಪಾಯ ಹೇಳಿಕೊಟ್ಟವಳು ಹೊಸದುರ್ಗದ ಡಿಟಿಪಿ ಅಂಗಡಿಯಲ್ಲಿ ನನಗೆ ಟೈಪಿಂಗ್ ಕಲಿಸಿದ ಗೆಳತಿ. ಕೋಷ್ಟಕವನ್ನೆಲ್ಲ ಸೆಲೆಕ್ಟ್ ಮಾಡಿ, ಟೇಬಲ್ ಪ್ರಾಪರ್ಟೀಸ್‌ನಲ್ಲಿ ‘ರೋ’ ಎಂಬಲ್ಲಿ ಸಾಲಿನ ಎತ್ತರ ನಮೂದಿಸಿ, ಪಕ್ಕದಲ್ಲಿ ‘ಎಕ್ಸಾಕ್ಟ್ಲಿ’ ಆರಿಸಿದರೆ ಹದಿನೆಂಟೂ ಸಾಲು ಅಳೆದು ಕತ್ತರಿಸಿದಂತೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಸಹಿ ಓಡಿ ಬಂದು ಮೊದಲ ಪುಟದಲ್ಲಿ ಕೂರುತ್ತದೆ. ಆರು ತಿಂಗಳಿಂದ ಹಾಗೇ ಮಾಡುತ್ತಿದ್ದೆ. ಟೈಪ್ ಮಾಡುವುದೆಲ್ಲ ಮುಗಿದ ಮೇಲೆ ಕಡೆಯದಾಗಿ ಆ ಎತ್ತರ, ಆಮೇಲೆ ಪ್ರಿಂಟ್.

ದಸರಾ ಮುಗಿದ ಮುಂದಿನ ವಾರ. ಮಳೆಯಿಂದ ನಾಲ್ಕು ದಿನ ಕೆಲಸ ನಿಂತಿತ್ತು. ಸೋಮವಾರ ಬೆಳಿಗ್ಗೆ ಬ್ಲಾಸ್ಟರ್ ಬಸಣ್ಣ ಆಫೀಸಿಗೆ ಬಂದರು. ಮದ್ದು ಸಿಡಿಸುವ ಲೈಸೆನ್ಸ್ ನಮ್ಮಲ್ಲಿ ಅವರೊಬ್ಬರಿಗೇ ಇದ್ದದ್ದು.

“ಸರೋಜಕ್ಕ, ಬುಧವಾರ, ಶುಕ್ರವಾರ ಹಿಂದ್ಲ ಬಂಡೇಲಿ ಎರಡು ಸಲ ಹೊಡಿತೀವಿ. ಒಂದು ಗಂಟೇದು ಇದ್ದೇ ಐತೆ. ಸಂಜೆ ನಾಕೂವರೇದು ಸೇರಿಸ್ರಿ. ಮರೀಬ್ಯಾಡ್ರಿ ಮತ್ತೆ.”

“ನಾನು ಮರ್ತಿದ್ದು ಯಾವತ್ತು ಬಸಣ್ಣ?”

“ಮರ್ತಿಲ್ಲ ಅಂತ್ಲೇ ಭಯ ನೋಡ್ರಿ,” ಎಂದು ನಕ್ಕು ಹೋದರು.

ಎರಡೂ ದಿನದ ಸಮಯದ ಮನೆಗಳಲ್ಲಿ ‘ಮಧ್ಯಾಹ್ನ 1.00’ ಎಂಬುದರ ಕೆಳಗೆ ‘ಸಂಜೆ 4.30’ ಎಂದು ಟೈಪ್ ಮಾಡಿದೆ. ನನ್ನ ಬೆರಳೇ ಒತ್ತಿದ್ದು, ನನ್ನ ಕಣ್ಣೇ ನೋಡಿದ್ದು. ಸಹಿ ಎರಡನೇ ಪುಟಕ್ಕೆ ಹೋಯಿತು. ಎಂದಿನಂತೆ ಎತ್ತರ ಕಟ್ಟಿದೆ, ಸಹಿ ವಾಪಸ್ಸು ಬಂತು. ಸಹಿ ಬಂದಿದೆಯೋ ಇಲ್ಲವೋ, ಅದೊಂದನ್ನೇ ನೋಡಿ ಪ್ರಿಂಟ್ ಕೊಟ್ಟೆ.

ತಿಪ್ಪೇಸ್ವಾಮಿ ಹಾಳೆ ಎತ್ತಿಕೊಂಡು ಬೆಳಕಿಗೆ ಹಿಡಿದ. “ಅಕ್ಕಾರೆ, ಇದ್ಯಾಕೆ ಅಕ್ಷರದ ಕಾಲು ಕಡಿದಂಗೆ ಐತೆ?”

ನಿಜ, ಕೆಲವು ಒತ್ತಕ್ಷರಗಳ ತುದಿ ಗೆರೆಯ ಹತ್ತಿರ ಒಂದಿಷ್ಟು ತಿಂದುಹೋದಂತಿತ್ತು. “ಟೋನರ್ ಮುಗಿಯಂಗೈತೆ. ನಿನಗೆ ಓದಾಕೆ ಬರ್ತದೋ ಇಲ್ವೋ?” ಎಂದೆ.

“ಬರ್ತೈತೆ.”

“ಹಂಗಾರೆ ಹೋಗಪ್ಪ, ಬಿಸಿಲೇರುತ್ತೆ.”

ಅವನು ಹೋದ. ಆ ಹಾಳೆ ನನಗೆ ಹೇಳಬಹುದಾಗಿದ್ದನ್ನು ಅಷ್ಟರಲ್ಲೇ ಹೇಳಿಬಿಟ್ಟಿತ್ತು.

ಹಿಂದಲ ಬಂಡೆಯ ಆಚೆ ಮಗ್ಗುಲಲ್ಲಿ ಒಂದು ಕುರಿಗಾಹಿಗಳ ಹಟ್ಟಿ. ಅಲ್ಲಿನ ಕಾಟಪ್ಪನವರಿಗೆ ಅರವತ್ತರ ಮೇಲಾಗಿತ್ತು, ಎಂಬತ್ತು ಕುರಿ ಇದ್ದವು. ಕೈಬಿಟ್ಟ ಹಳೇ ಕ್ವಾರಿ ಗುಂಡಿಯೊಂದು ಗುಡ್ಡದ ನೆತ್ತಿಯಲ್ಲಿ, ಹಿಂದಲ ಬಂಡೆಗೆ ಐನೂರು ಮೀಟರ್ ಒಳಗೇ ಇತ್ತು. ಮಳೆ ಬಿದ್ದರೆ ಅದರಲ್ಲಿ ನೀರು, ಸುತ್ತ ಹುಲ್ಲು. ಒಂದು ಗಂಟೆಯ ಸಿಡಿತ ಆಗಿ, ಎಲ್ಲ ಸರಿಯಿದೆ ಎನ್ನುವ ಉದ್ದನೆಯ ಸೈರನ್ ಕೇಳಿದ ಮೇಲೆ ಅವರು ಮಂದೆಯನ್ನು ಅಲ್ಲಿಗೆ ಹತ್ತಿಸಿ ಸಂಜೆ ಐದರತನಕ ಬಿಡುತ್ತಿದ್ದರು. ಇಳಿಯುವುದಕ್ಕೆ ಒಂದೇ ಕಾಲುದಾರಿ. ಸಾಲಾಗಿ ಇಳಿಸಲು ಮುಕ್ಕಾಲು ಗಂಟೆ ಬೇಕು. ಸಿಡಿಸುವ ಮುಂಚಿನ ಸೈರನ್ ಊದುವುದು ಹದಿನೈದು ನಿಮಿಷ ಇರುವಾಗ. ಕೆಂಪು ಬಾವುಟದ ಕಾವಲಿನವರು ನಿಲ್ಲುವುದು ಗಾಡಿ ಓಡಾಡುವ ರಸ್ತೆಗಳಲ್ಲಿ. ಹಟ್ಟಿಯ ಕಡೆಯ ಕಾಲುದಾರಿಗೆ ಯಾರೂ ಇರಲಿಲ್ಲ. ಆ ಕಡೆಗೆ ಕಾವಲು ಎಂದರೆ ನನ್ನ ಹಾಳೆ, ಅಷ್ಟೆ.

ಬುಧವಾರ ಮಧ್ಯಾಹ್ನದ ಮೇಲೆ ಹೊಸದುರ್ಗದ ದಿಕ್ಕಿನಿಂದ ಮೋಡ ಎದ್ದಿತು. ಗಾಳಿ ನಿಂತು, ಕಲ್ಲು ಪುಡಿಮಾಡುವ ಕ್ರಷರಿನ ದೂಳು ಎದ್ದಲ್ಲೇ ತೂಗಾಡುತ್ತಿತ್ತು. ಮೂರೂ ಮುಕ್ಕಾಲಕ್ಕೆ ತಿಪ್ಪೇಸ್ವಾಮಿ ಟೀ ಕುಡಿಯಲು ಬಂದ.

“ಕಾಟಪ್ಪಾರ ಮಂದೆ ಮ್ಯಾಲೆ ಹತ್ತೈತೆ. ಒಂದು ಕುರಿ ಈಯೋದೈತಂತೆ, ನೆರಳಿಗೆ ಹಾಕ್ಕಂಡು ಕುಂತವ್ರೆ.”

ಟೀ ಲೋಟ ನನ್ನ ಕೈಯಲ್ಲೇ ನಿಂತಿತು. “ಇವತ್ತು ನಾಕೂವರೆಗೆ ಇನ್ನೊಂದು ಐತಲ್ಲೋ. ಅವರ್ಯಾಕೆ ಹತ್ತಿದ್ರು?”

“ಯಾರು ಹೇಳಿದ್ದು? ಚೀಟಿನಾಗೆ ಬರೀ ಒಂದು ಗಂಟೆ ಐತೆ.”

“ನಾನೇ ಟೈಪ್ ಮಾಡೀನಿ.”

“ನೀವು ಮಾಡಿರಬೌದು ಅಕ್ಕಾರೆ. ಚೀಟಿನಾಗೆ ಇಲ್ಲ.”

ಗೋಡೆಗೆ ಸಿಕ್ಕಿಸಿದ್ದ ನಮ್ಮದೇ ಪ್ರತಿಯನ್ನು ನೋಡಿದೆ. ಬುಧವಾರ, ಹಿಂದಲ ಬಂಡೆ, ಮಧ್ಯಾಹ್ನ 1.00. ಅದರ ಕೆಳಗೆ ನೇರವಾಗಿ ಗೆರೆ. ಓಡಿಹೋಗಿ ಫೈಲ್ ತೆಗೆದೆ. ಪರದೆಯ ಮೇಲೂ ಅಷ್ಟೇ. ಆ ಮನೆಯೊಳಗೆ ಕರ್ಸರ್ ಇಟ್ಟು ಕೆಳಗಿನ ಬಾಣದ ಕೀಲಿ ಒತ್ತಿದೆ. ಮಿನುಗುತ್ತಿದ್ದ ಕಡ್ಡಿ ಒಂದು ಸಾಲು ಇಳಿದು ಗೆರೆಯ ಹಿಂದೆ ಮಾಯವಾಯಿತು. ಅಲ್ಲೇ ಎಲ್ಲೋ ನಾಲ್ಕೂವರೆ ಇತ್ತು. ನಾನು ಬರೆದದ್ದು ಅಳಿಸಿರಲಿಲ್ಲ. ಒಂದೇ ಸಾಲು ಹಿಡಿಸುವಷ್ಟು ಎತ್ತರ ಕಟ್ಟಿದ ಗೋಡೆಯೊಳಗೆ ಹೂತುಹೋಗಿತ್ತು.

ಬಸಣ್ಣನವರಿಗೆ ಫೋನ್ ಮಾಡುವಂತಿಲ್ಲ. ಮದ್ದನ್ನು ಹೊತ್ತಿಸುವ ಡಿಟೋನೇಟರಿಗೆ ವೈರ್ ಜೋಡಿಸುವ ಜಾಗಕ್ಕೆ ಮೊಬೈಲ್ ಒಯ್ಯಬಾರದು ಎಂಬುದು ನಿಯಮ. ಅವರೆಲ್ಲರ ಮೊಬೈಲು ನನ್ನ ಮೇಜಿನ ಟ್ರೇಯಲ್ಲೇ ಬಿದ್ದಿದ್ದವು. ಕಾಟಪ್ಪನವರಂತೂ ಫೋನನ್ನು ಮನೆಯ ಗೂಡಿನಲ್ಲಿಟ್ಟು ಬರುವವರು. ಮ್ಯಾನೇಜರರು ಚಿತ್ರದುರ್ಗಕ್ಕೆ ಹೋಗಿದ್ದರು. ತಿಪ್ಪೇಸ್ವಾಮಿಯ ಬೈಕಿನ ಹಿಂದೆ ಕೂತೆ. ಹೊಂಡ ದಿಣ್ಣೆಯಲ್ಲಿ ಅವನ ಅಂಗಿ ಹಿಡಿದುಕೊಂಡು, ಗಡಿಯಾರ ನೋಡಬಾರದು ಎಂದುಕೊಳ್ಳುತ್ತ ನೋಡುತ್ತಲೇ ಇದ್ದೆ.

ಬಂಡೆಯ ಬಳಿ ತಲುಪಿದಾಗ ನಾಲ್ಕು ದಾಟಿ ಐದು ನಿಮಿಷ. ಮದ್ದು ತುಂಬಿ ಆಗಿತ್ತು. ಸೈರನ್ ಇನ್ನೂ ಊದಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಬಸಣ್ಣ ಬೈಯಲಿಲ್ಲ. ಆಕಾಶ ನೋಡಿದರು. ಮೋಡದೊಳಗೆ ಒಂದು ಸಲ ಬೆಳಕು ಓಡಿತು.

“ನಿಲ್ಸಿರಿ ಬಸಣ್ಣ, ಅವ್ರು ಇಳಿಯೋತಂಕ.”

“ನಾನು ನಿಲ್ಲಿಸ್ತೀನಕ್ಕ. ತುಂಬಿದ ತೂತು ಇವು. ಮಿಂಚು ನನ್ನ ಮಾತು ಕೇಳಲ್ಲ.”

ಸಿಡಿಲಿನ ವಿದ್ಯುತ್ತು ವೈರಿಗೆ ತಗುಲಿದರೆ ಯಾರೂ ಗುಂಡಿ ಒತ್ತದೆಯೇ ಬಂಡೆ ಹಾರುತ್ತದೆ. ಅವರು ತಮ್ಮ ಆಳುಗಳನ್ನೆಲ್ಲ ದೂರ ಕಳಿಸಿದರು. ಹೆಗಲ ಮೇಲಿದ್ದ ಕೆಂಪು ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು. “ಕಡೇ ಮನುಷ್ಯ ಕಾಲುದಾರಿ ತಿರುವು ದಾಟಿದ ಮ್ಯಾಲೆ ಇದನ್ನ ಬೀಸ್ರಿ. ಅಲ್ಲೀತಂಕ ನಾನು ಮುಟ್ಟಲ್ಲ. ಬ್ಯಾಗ ಹೋಗ್ರಿ.”

ತಿರುವಿನವರೆಗೆ ಬೈಕು, ಅಲ್ಲಿಂದ ನಡಿಗೆ. ಕಾಟಪ್ಪನವರು ಗುಂಡಿಯ ಅಂಚಿನ ಬಂಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕುರಿ ಮಲಗಿ ನರಳುತ್ತಿತ್ತು.

“ಏನಮ್ಮ, ಆಫೀಸಿನೋರು ಗುಡ್ಡ ಹತ್ತಿದ್ರಲ್ಲ! ಬರ್ರಿ, ಕುಂತ್ಕಳ್ರಿ.”

“ಕೂರೋ ಹೊತ್ತಲ್ಲ ಕಾಟಪ್ಪಾರೆ. ಏಳ್ರಿ, ಮದ್ದು ತುಂಬ್ಯಾರೆ.”

“ಚೀಟಿನಾಗೆ ಒಂದು ಗಂಟೆ ಅಂತ ಐತೆ. ನನ್ನ ಸೊಸೆ ಎರಡು ಸಲ ಓದಿದ್ಲು.”

“ಚೀಟಿ ತಪ್ಪೈತೆ. ನಂದೇ ತಪ್ಪು.”

“ನಿಮ್ಮ ತಪ್ಪಿಗೆ ನನ್ನ ಕುರಿ ಓಡಬೇಕೇನಮ್ಮ?” ಎಂದರು. ಅಷ್ಟರಲ್ಲಿ ಗುಡುಗಿತು. ನನ್ನ ಮುಖದಲ್ಲಿ ಏನು ಕಂಡರೋ, ಎದ್ದು ನಿಂತು ತುಟಿ ಮಡಿಸಿ ಒಂದು ಸಿಳ್ಳು ಹಾಕಿದರು. ಚದುರಿದ್ದ ಮಂದೆ ಒಂದಾಯಿತು. ತಿಪ್ಪೇಸ್ವಾಮಿ ಮುಂದೆ, ಕುರಿಗಳು ಅವನ ಹಿಂದೆ. ಕಾಟಪ್ಪನವರು ಮಾತ್ರ ಮತ್ತೆ ಕೂತರು.

“ಅರ್ಧ ಈದೈತೆ. ಈಗ ಎತ್ತಿದ್ರೆ ಎರಡೂ ಹೋಗ್ತವೆ. ನೀವು ನಡೀರಿ, ಮರಿ ಬಿದ್ದ ಮ್ಯಾಲೆ ಬರ್ತೀನಿ.”

“ಬಿಟ್ಟು ಬರ್ರಿ.”

“ಬಿಡೋಕೆ ಆಗ್ತೈತೇನಮ್ಮ?” ಕೋಪವಿಲ್ಲದೆ ಕೇಳಿದರು.

ನಾನು ತಿರುವಿಗೆ ಬಂದು ನಿಂತೆ. ಎಪ್ಪತ್ತೊಂಬತ್ತು ಕುರಿ ಒಂದೊಂದಾಗಿ ನನ್ನ ಸೀರೆಗೆ ಉಜ್ಜಿಕೊಂಡು ಇಳಿದವು. ಕಡೆಯದು ದಾಟಿದಾಗ ನಾಲ್ಕೂ ಮುಕ್ಕಾಲು ಮೀರಿತ್ತು. ಆಮೇಲೆ ದಾರಿ ಖಾಲಿ. ದಪ್ಪ ಹನಿ ಶುರುವಾಯಿತು. ಮಡಿಸಿ ಎದೆಗೆ ಒತ್ತಿಕೊಂಡಿದ್ದ ಟವೆಲ್ಲು ಗಾಳಿಗೆ ತಾನಾಗಿ ಬಿಚ್ಚಿಕೊಂಡರೆ ಎಂದು ಎರಡೂ ಕೈಯಲ್ಲಿ ಅಮುಕಿದೆ. ಪ್ರತಿ ಮಿಂಚಿಗೂ ಕೆಳಗಿನ ಬಂಡೆ ಬೆಳ್ಳಗೆ ಹೊಳೆದು ಮತ್ತೆ ಕಪ್ಪಾಗುತ್ತಿತ್ತು. ಪ್ರತಿ ಸಲವೂ ಈಗ ಎಂದುಕೊಂಡೆ. ಕೂಗಿದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಐದು ಹತ್ತು ಆಯಿತು, ಐದೂ ಇಪ್ಪತ್ತು ಆಯಿತು.

ಕಾಟಪ್ಪನವರು ಮಳೆಯೊಳಗಿಂದ ನಿಧಾನಕ್ಕೆ ಕಂಡರು. ಹೆಗಲ ಸುತ್ತ ಕುರಿ, ಕಂಬಳಿಯ ಮಡಿಲಲ್ಲಿ ಮರಿ. ಅವರು ತಿರುವು ದಾಟಿದರು. ನಾನೂ ದಾಟಿ ಟವೆಲ್ಲು ಬೀಸಿದೆ. ಸೈರನ್ ಊದಿತು. ಹದಿನೈದು ನಿಮಿಷ ಕಾಯಲು ಬಸಣ್ಣನವರಿಗೆ ಮೋಡ ಬಿಡಲಿಲ್ಲ. ನಾವು ಇಳಿಜಾರಿನ ಹುಣಸೇಮರ ಸೇರುವಷ್ಟರಲ್ಲಿ ನೆಲ ಒಮ್ಮೆ ಎದ್ದು ಕೂತಂತಾಯಿತು.

ಮರುದಿನ ಹೋಗಿ ನೋಡಿದೆವು. ಅವರು ಒರಗಿದ್ದ ಬಂಡೆಯ ಮೇಲೆ ರಾಗಿ ಬೀಸುವ ಕಲ್ಲಿನ ಗಾತ್ರದ ಚೂರು ಬಿದ್ದು ಮೂರು ಹೋಳಾಗಿತ್ತು. ಕಾಟಪ್ಪನವರು ಒಂದು ಹೋಳನ್ನು ಕಾಲಿನಿಂದ ಸರಿಸಿ ನೋಡಿದರು. ಕುರಿ ಉಳಿದಿತ್ತು. ಮರಿ ಬೆಳಗಾಗುವುದರೊಳಗೆ ಸತ್ತಿತ್ತು. ಹೊರಡುವಾಗ ಒಂದು ಮಾತು ಹೇಳಿದರು: “ನಮ್ಮ ಹುಡುಗಿ ಓದಿದ್ದು ಸರಿಯಾಗೇ ಓದವ್ಳೆ. ನಿನ್ನೆಯಿಂದ ಅಳ್ತಾ ಕುಂತವ್ಳೆ. ಬಂದು ಅವಳಿಗೊಂದು ಮಾತು ಹೇಳಮ್ಮ.”

ಹೋದೆ. ಒಲೆಯ ಮುಂದೆ ಕೂತಿದ್ದ ಆ ಸೊಸೆಗೆ, ನೀನು ಓದಿದ್ದರಲ್ಲಿ ತಪ್ಪಿಲ್ಲ, ಇಲ್ಲದ್ದನ್ನು ಯಾರೂ ಓದಲಾರರು ಎಂದೆ. ಅವಳು ತಲೆ ಎತ್ತದೆ, “ನಮ್ಮ ಮಾವ ಹೋಗಿದ್ರೆ ಎಲ್ಲಾರೂ ನನ್ನೇ ಕೇಳ್ತಿದ್ರು,” ಎಂದಳು. ಅದು ನಿಜ. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಫೈಲಿನಲ್ಲಿ ನಾಲ್ಕೂವರೆ ಇದ್ದೇ ಇತ್ತಲ್ಲ.

ಶುಕ್ರವಾರದ ಮನೆಯಲ್ಲೂ ಅದೇ ಕಥೆಯಾದ್ದರಿಂದ ಬುಧವಾರ ಸಂಜೆಯೇ ಆರೂ ಹಾಳೆ ತೆಗೆಸಿ, ಕೆಂಪು ಪೆನ್ನಿನಲ್ಲಿ ಕೈಯಾರೆ ಬರೆದು ಹಾಕಿಸಿದ್ದೆ. ಮ್ಯಾನೇಜರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಎರಡು ಹಾಳೆ ಹಿಡಿಸುವ ಪೆಟ್ಟಿಗೆ ಬಂತು, ಕಾಲುದಾರಿಗೆ ಒಬ್ಬ ಕಾವಲಿನವನು ಬಂದ. ನಾನು ಎತ್ತರದ ಪಕ್ಕದಲ್ಲಿ ಈಗ ‘ಎಟ್ ಲೀಸ್ಟ್’ ಎಂಬುದನ್ನೇ ಆರಿಸುತ್ತೇನೆ. ಆಗ ಮನೆ ತನ್ನೊಳಗಿನ ಮಾತು ಬೆಳೆದಷ್ಟೂ ಬೆಳೆಯುತ್ತದೆ. ಪುಟ ಎರಡಾದರೆ ಮೇಲಿನ ತಲೆಸಾಲು ಎರಡನೆಯದರಲ್ಲೂ ಬರುವಂತೆ ಗುರುತು ಹಾಕುತ್ತೇನೆ. ಪ್ರಿಂಟ್ ತೆಗೆದ ಮೇಲೆ ಕಂಪ್ಯೂಟರ್ ನೋಡುವುದಿಲ್ಲ, ಹಾಳೆಯನ್ನು ತಿಪ್ಪೇಸ್ವಾಮಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಬರೆದವಳಿಗೆ ತಾನು ಬರೆದದ್ದೇ ಕಾಣುತ್ತದೆ. ಹಾಳೆಯಲ್ಲಿ ಇರುವುದು ಕಾಣಬೇಕಾದರೆ ಇನ್ನೊಬ್ಬರ ಕಣ್ಣು ಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಆ ವಾರದ ಶನಿವಾರ, ಊಟದ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹಿಂದಿನ ಆರು ತಿಂಗಳ ಫೈಲುಗಳನ್ನು ತೆಗೆದೆ. ಒಂದೊಂದರಲ್ಲೂ ಎತ್ತರದ ಕಟ್ಟು ಬಿಚ್ಚುತ್ತ ಹೋದೆ. ನಾಲ್ಕು ವಾರಗಳ ಹಾಳೆಯಲ್ಲಿ ಗೆರೆ ಕೆಳಗೆ ಸರಿದು, ಅದುವರೆಗೆ ಯಾರೂ ಓದದ ಸಾಲುಗಳು ಹೊರಗೆ ಬಂದವು: ‘ಬೆಳಿಗ್ಗೆ 11.00’, ‘ಸಂಜೆ 5.00’. ಆ ಹೊತ್ತುಗಳಲ್ಲಿ ಬಂಡೆ ಸಿಡಿದದ್ದು ನನಗೆ ಗೊತ್ತು, ದಾಖಲೆ ಇದೆ. ಆ ಹೊತ್ತುಗಳಲ್ಲಿ ಗುಡ್ಡದ ಮೇಲೆ ಯಾರಿದ್ದರು ಎಂಬುದನ್ನು ಬರೆದಿಟ್ಟವರು ಯಾರೂ ಇಲ್ಲ.