ಅಗಸೆಯ ಸಾಲು

ಭಾಲ್ಕಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಪ್ರತಿ ವರ್ಷ ‘ಲೈನ್’ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಎಷ್ಟು ಅರ್ಥ ಗೊತ್ತು ಹೇಳಿ ಎನ್ನುತ್ತಿದ್ದೆ. ಮಕ್ಕಳಿಗೇನು ಕಡಿಮೆ? ರೈಲಿನ ಲೈನ್, ಕರೆಂಟಿನ ಲೈನ್, ರೇಷನ್ ಅಂಗಡಿಯ ಲೈನ್, ಪದ್ಯದ ಲೈನ್. ಹಿಂದಿನ ಬೆಂಚಿನವನೊಬ್ಬ ಲೈನ್ ಹೊಡೆಯುವುದನ್ನೂ ಸೇರಿಸಿ ಬೈಸಿಕೊಳ್ಳುತ್ತಿದ್ದ. ಕೋಟಿನ ಒಳಗಿನ ಲೈನಿಂಗ್ ಕೂಡ ಇದೇ ಬಳಗದ್ದು ಎಂದು ನಾನು ಹೇಳುತ್ತಿದ್ದೆ. ಎಲ್ಲಕ್ಕೂ ಬೇರು, ಲ್ಯಾಟಿನ್ನಿನಲ್ಲಿ ಅಗಸೆಗಿದ್ದ ಹೆಸರು. ಅಗಸೆಯ ನಾರಿನ ದಾರವನ್ನು ಎಳೆದು ಹಿಡಿದರೆ ನೇರ ಗೆರೆ, ಅದೇ ಲೈನ್. ರೊಟ್ಟಿಗೆ ಅಗಸೆ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ತಿಂದು ಬೆಳೆದ ಮಕ್ಕಳು, ನಮ್ಮ ಅಗಸಿಯೇನ್ರಿ ಎಂದು ನಗುತ್ತಿದ್ದರು. ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮುಂದಿನದನ್ನು ಹೇಳುವ ಮುಖ ನನಗಿರಲಿಲ್ಲ.

ಔರಾದದ ಹತ್ತಿರ ನಮ್ಮ ಹೊಲ. ಪಕ್ಕದ್ದು ನಾನು ಚಾಚಾ, ಚಾಚಿ ಎಂದು ಕರೆಯುತ್ತಿದ್ದ ಮುಸ್ಲಿಂ ದಂಪತಿಯದು. ನಡುವೆ ಬದುವಿರಲಿಲ್ಲ, ಕಲ್ಲಿರಲಿಲ್ಲ. ಒಂದು ಸಾಲು ಅಗಸೆ ಇರುತ್ತಿತ್ತು. ಹಿಂಗಾರಿನಲ್ಲಿ ಎರಡೂ ಮನೆಯವರು ಸೇರಿ ಅದನ್ನು ಬಿತ್ತಿ, ಬಂದ ಕಾಳನ್ನು ಸಮವಾಗಿ ಹಂಚಿಕೊಳ್ಳುವುದು ರೂಢಿ. ಚಿಕ್ಕಂದಿನಲ್ಲಿ ಆ ಸಾಲು ದಾಟಿ, ಅವರ ಬೇವಿನ ಮರದ ನೆರಳಿನಲ್ಲಿ ನಾನು ಬುತ್ತಿ ಉಣ್ಣುತ್ತಿದ್ದೆ.

ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನ ಆಳ್ವಿಕೆ ಹೋಯಿತು. ರಜಾಕಾರರ ಕಾಲದಲ್ಲಿ ನಾವು ಹೆದರಿದ್ದೆವು. ಈಗ ಹೆದರುವ ಸರದಿ ಚಾಚಾ ಚಾಚಿಯರಂಥವರದಾಯಿತು. ಯಾರ ತಂಟೆಗೂ ಹೋಗದ ಆ ಇಬ್ಬರು ಬೀದರಿನ ನೌಬಾದಕ್ಕೆ, ನೆಂಟರ ಮನೆಗೆ ಓಡಿದರು. ಆ ಹಿಂಗಾರಿಗೆ ಅಪ್ಪ ಒಬ್ಬನೇ ಕೂರಿಗೆ ಹೂಡಿದ. ಅಗಸೆಯ ಸಾಲು ಬೇವಿನ ಮರದ ಆಚೆಗೆ, ಅವರ ಹೊಲದೊಳಕ್ಕೆ ಬಿತ್ತು. ಹೊಲ ಬೀಳು ಬೀಳಬಾರದಲ್ಲ ಎಂದ.

ಸುಗ್ಗಿ ಮುಗಿದ ಮೇಲೆ ಅವ್ವ ರೂಢಿಯಂತೆ ಅರ್ಧ ಅಗಸೆಯನ್ನು ಗಂಟು ಕಟ್ಟಿ, ನನ್ನನ್ನೂ ಕರೆದುಕೊಂಡು ನೌಬಾದಕ್ಕೆ ಹೋದಳು. ಕಾಳು ಕೊಟ್ಟು ಬಂದರೆ ನೆರೆತನವಾದರೂ ಉಳಿದೀತು ಎಂದುಕೊಂಡಿದ್ದಳೇನೋ. ಚಾಚಿ ಕಾಳನ್ನು ಬೊಗಸೆಯಲ್ಲಿ ಹಿಡಿದು ಮೂಸಿ ಹಿಗ್ಗಿದಳು. ಬರುವ ವರ್ಷ ತಾವೂ ಬಿತ್ತಲು ಬರುತ್ತೇವೆ ಎಂದಳು. ಆಮೇಲೆ ನನ್ನ ಗಲ್ಲ ಹಿಡಿದು, ಈಗಲೂ ಸಾಲು ದಾಟಿ ನಮ್ಮ ಬೇವಿನ ಕೆಳಗೆ ಕೂಡುತ್ತೀಯೇನು ಎಂದು ಕೇಳಿದಳು.

“ಈಗ ದಾಟೋದು ಬ್ಯಾಡ ಚಾಚಿ. ಬೇವಿನ ಗಿಡ ನಮ್ಮ ಕಡೀಗೇ ಬಂದದ,” ಎಂದೆ, ಬಲು ಹೆಮ್ಮೆಯಿಂದ.

ಅವ್ವ ತಲೆ ತಗ್ಗಿಸಿದಳು. ಚಾಚಿ ಕಾಳನ್ನು ಮತ್ತೆ ಗಂಟಿಗೆ ಸುರಿದು, ಬಿಗಿಯಾಗಿ ಕಟ್ಟಿ ಅವ್ವನ ಮಡಿಲಲ್ಲಿಟ್ಟಳು.

“ಅರ್ಧ ಯಾಕ ತಂದ್ರಿ ಅಕ್ಕ? ಸಾಲು ಪೂರಾ ನಿಮ್ಮದೇ ಆತಲ್ಲರಿ.”

ಆದರೂ ನಮಗೆ ರೊಟ್ಟಿ ಬಡಿದು ಹಾಕಿದಳು. ಆ ಉಪಚಾರವೇ ಅವ್ವನನ್ನು ಹೆಚ್ಚು ಸುಟ್ಟಿತು. ಮುರಿದ ತುತ್ತನ್ನು ಅವಳು ತಟ್ಟೆಯಲ್ಲೇ ಬಿಟ್ಟಳು. ಯಾಕೆಂದು ತಿಳಿಯದ ನಾನು ಎರಡನೆಯ ರೊಟ್ಟಿ ಕೇಳಿದೆ.

ಮನೆಗೆ ಬಂದು ಅವ್ವ ಆ ಗಂಟನ್ನು ಅಪ್ಪನ ಮುಂದಿಟ್ಟಳು. ಅಪ್ಪ ಎದ್ದು ದನಕ್ಕೆ ನೀರು ಕುಡಿಸಲು ಹೋದ. ಮರುವರ್ಷ ಸಾಲು ಹಿಂದೆ ಸರಿಯಲಿಲ್ಲ, ಅವರು ಬಿತ್ತಲು ಬರಲಿಲ್ಲ. ಅವ್ವ ಹಿಂಡಿ ಕುಟ್ಟುವುದನ್ನೇ ಬಿಟ್ಟಳು.

ಸತ್ತ ಅಪ್ಪನನ್ನು ದೂರುವುದು ಸುಲಭ. ಹೊಲ ಈಗ ನನ್ನ ಹೆಸರಿನಲ್ಲಿದೆ, ಬೇವಿನ ಮರ ನಮ್ಮ ಕಡೆಯೇ ಇದೆ.